ಮಾಳಿಗೆಯ ಮೇಲೆ ನಲವತ್ತು ಕೊಡ ನೀರು

ನೌಕರಿಯ ಅಷ್ಟೂ ವರ್ಷಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಏನನ್ನು ನೋಡಿದೆ ಎಂದು ಯಾರಾದರೂ ಕೇಳಿದರೆ, ಛಾವಣಿ ಎಂದೇ ಹೇಳಬೇಕಾಗುತ್ತದೆ. ಅದೂ ಒಳಗಿನಿಂದ. ಬೇರೆಯವರ ಮನೆಯ ಪಡಸಾಲೆಯಲ್ಲಿ ಕತ್ತು ಮೇಲೆತ್ತಿ ನಿಂತು, ಕತ್ತು ನೋಯತೊಡಗಿದರೆ ನೆಲದ ಮೇಲೆ ಅಂಗಾತ ಮಲಗಿ, ಸುಣ್ಣದ ಬಿಳುಪಿನಲ್ಲಿ ಹಬ್ಬಿದ ಕಲೆಗಳನ್ನು ನೋಡುತ್ತಿದ್ದೆ. ಹಾಗೆ ಮಲಗಿದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮನೆಯವರು ಚಹಾ ತಂದು ಪಕ್ಕದಲ್ಲಿಟ್ಟು, ಸಾಹೇಬರು ಕೆಲಸ ಮಾಡುತ್ತಿದ್ದಾರೋ ನಿದ್ದೆ ಹೋಗಿದ್ದಾರೋ ತಿಳಿಯದೆ ಮೆಲ್ಲಗೆ ಹಿಂದೆ ಸರಿಯುತ್ತಿದ್ದರು. ಸಾಮಾನ್ಯವಾಗಿ ಎರಡೂ ನಡೆದಿರುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಸರಕಾರಿ ನೌಕರರ ವಸತಿ ಮನೆಗಳ ರಿಪೇರಿ ಒಂದಾದ ಮೇಲೊಂದರಂತೆ ನನ್ನ ಪಾಲಿಗೆ ಬಂತು. ಬಸ್ಸಿನ ಮೇಲೆ ಟ್ರಂಕು, ಇಳಿದ ಕೂಡಲೇ ಯಾರದೋ ಮನೆಯ ಏಣಿ. ಕಾಗದದ ಮೇಲೆ ನನ್ನ ಹುದ್ದೆಗೆ ಉದ್ದನೆಯ ಹೆಸರಿತ್ತು. ಜನ ಮಾತ್ರ ಓವರ್‌ಸಿಯರ್ ಸಾಹೇಬ್ರು ಅನ್ನುತ್ತಿದ್ದರು. ಬಡ್ತಿ ಯಾವಾಗ ಸಿಕ್ಕಿತು, ಯಾವ ಕುರ್ಚಿಯಲ್ಲಿ ಕುಳಿತು ನಿವೃತ್ತನಾದೆ ಎಂಬುದೆಲ್ಲ ಇಲ್ಲಿ ಬೇಡ. ಅದು ನನ್ನ ಹೆಂಡತಿಗೇ ಸರಿಯಾಗಿ ನೆನಪಿಲ್ಲ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬೇಕಾದದ್ದು ನನ್ನ ತಪ್ಪುಗಳನ್ನು. ಅವು ನನಗೆ ಊರು, ಮನೆ ನಂಬರು ಸಮೇತ ನೆನಪಿವೆ.

ಮೊದಲನೆಯದು ಇಂಡಿಯದು. ಅಲ್ಲಿಯ ಮನೆಗಳು ಎರೆಮಣ್ಣಿನ ಮೇಲೆ ನಿಂತಿದ್ದವು. ಎರೆಮಣ್ಣು ಬೇಸಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಮೇಲೆ ನಿಂತ ಮನೆಯೂ ಅದರ ಜೊತೆ ಏರಿ ಇಳಿಯುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಏಪ್ರಿಲ್ ತಿಂಗಳಲ್ಲಿ ಗುಮಾಸ್ತರೊಬ್ಬರು ತಮ್ಮ ಬಾಗಿಲು ಸಡಿಲಾಗಿದೆ, ಗಾಳಿಗೆ ಬಡಿದುಕೊಳ್ಳುತ್ತದೆ ಎಂದಾಗ, ನಾನು ಮುತುವರ್ಜಿಯಿಂದ ಚೌಕಟ್ಟಿನ ಸಂದಿಗೆಲ್ಲ ಸಿಮೆಂಟು ತುಂಬಿಸಿ, ಬಾಗಿಲು ಬಿಗಿಯಾಗಿ ಕೂರುವಂತೆ ಮಾಡಿಸಿ ಕೈ ಝಾಡಿಸಿಕೊಂಡೆ. ಜುಲೈ ಬಂತು, ನೆಲ ಉಬ್ಬಿತು, ಬಾಗಿಲು ತೆರೆಯಲೇ ಇಲ್ಲ. ಆ ಗುಮಾಸ್ತರು ಒಂದು ವಾರ ಸರಳಿಲ್ಲದ ಕಿಟಕಿಯಿಂದ ಕಚೇರಿಗೆ ಹೋದರು. ಮೊದಲು ಊಟದ ಡಬ್ಬಿ ಹೊರಗೆ ಬರುತ್ತಿತ್ತು, ಆಮೇಲೆ ಕೊಡೆ, ಆಮೇಲೆ ಅವರು. ನಾನು ಎದುರಿಗಿದ್ದರೆ ಒಂದು ಕಾಲು ಇನ್ನೂ ಒಳಗಿರುವಾಗಲೇ ಕೈ ಮುಗಿಯುತ್ತಿದ್ದರು. ಒಂದು ಕೆಟ್ಟ ಮಾತು ಆಡಲಿಲ್ಲ. ಆ ನಮಸ್ಕಾರ ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಇಂಡಿಯಲ್ಲಿ ಮಾಡಿದ್ದು ತಿಳಿಗೇಡಿತನ. ಸಿಂದಗಿಯಲ್ಲಿ ಮಾಡಿದ್ದನ್ನು ತಿಳಿದೂ ತಿಳಿದೂ ಮಾಡಿದೆ.

ಸಿಂದಗಿ ಊರ ಹೊರಗೆ ಹದಿನಾರು ಮನೆಗಳ ಒಂದು ಕಾಲೋನಿ ಇತ್ತು. ಎದುರುಬದುರು ಎಂಟೆಂಟು ಮನೆ, ನಡುವೆ ಒಂದು ಬೇವಿನ ಮರ. ಸಾಲಿ ಮಾಸ್ತರರು, ತಾಲೂಕು ಕಚೇರಿಯ ಗುಮಾಸ್ತರು, ಜವಾನರು, ಒಬ್ಬ ಕಂಪೌಂಡರ್ ಅಲ್ಲಿದ್ದರು. ಹೆಚ್ಚಿನವರು ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆಯ, ಅಂದರೆ ಚಪ್ಪಟೆ ಮಣ್ಣಿನ ಛಾವಣಿಯ, ಮನೆಗಳಲ್ಲಿ. ನಾನೂ ಅಷ್ಟೇ, ಬಾಗೇವಾಡಿಯ ನಮ್ಮ ಮನೆಯ ಮಾಳಿಗೆಗೆ ಪ್ರತಿ ವರ್ಷ ಮಳೆಗೆ ಮೊದಲು ಅಪ್ಪ ಕರಲು ಮಣ್ಣು ಹರವಿಸಿ ತುಳಿಸುತ್ತಿದ್ದರು, ಮಳೆಗಾಲ ಕಳೆದರೂ ಒಳಗೆ ಒಂದು ಹನಿ ಬೀಳುತ್ತಿರಲಿಲ್ಲ. ಸ್ಲ್ಯಾಬಿನ ಮನೆ ಸಿಕ್ಕಾಗ ಕಾಲೋನಿಯವರು ಒಂದು ಮಳೆಗಾಲ ಬಹಳ ಬೀಗಿದರಂತೆ. ಎರಡನೆಯ ಮಳೆಗಾಲಕ್ಕೆ ಹದಿನಾರೂ ಮನೆ ಸೋರಿದವು.

ಬೇವಿನ ಮರದ ಕೆಳಗಿನ ಕಟ್ಟೆಯ ಹತ್ತಿರದ ಮನೆಯಲ್ಲಿ ದೂರಿನ ಪುಸ್ತಕ ಇರುತ್ತಿತ್ತು. ಅಂಥ ಪುಸ್ತಕವನ್ನು ನಾನು ಮತ್ತೆಲ್ಲಿಯೂ ನೋಡಲಿಲ್ಲ. ಜನ ತಮ್ಮ ತಮ್ಮ ಛಾವಣಿಯ ಕಲೆಗಳಿಗೆ ಹೆಸರಿಟ್ಟಿದ್ದರು. ಕಂಪೌಂಡರ್ ಮನೆಯ ಕಲೆ ಆನೆ. "ಆನೆಯ ಸೊಂಡಿಲು ಅಡಿಗೆ ಮನೆಯವರೆಗೆ ಬಂದಿದೆ, ದಯವಿಟ್ಟು ಬಂದು ನೋಡುವುದು" ಎಂದು ಬರೆದಿದ್ದರು. ಇನ್ನೊಬ್ಬರ ಮನೆಯಲ್ಲಿ ಕುಳಿತ ಮುದುಕಿ. ಈ ಸಲದ ಮಳೆಗೆ ಆಕೆ ಎದ್ದು ನಿಂತಿದ್ದಾಳೆ ಎಂದು ದೂರು. ನಾನು ಗಂಭೀರವಾಗಿ ಹೋಗಿ, ಮಲಗಿ, ಆನೆಯನ್ನೂ ಮುದುಕಿಯನ್ನೂ ನೋಡಿ, ಪೆನ್ಸಿಲಿನಿಂದ ಅವುಗಳ ಅಂಚಿಗೆ ಗೀಟು ಹಾಕಿ ಬರುತ್ತಿದ್ದೆ. ಅದರಲ್ಲೇ ನನಗೆ ಒಂದು ಬಗೆಯ ಸುಖವಿತ್ತು. ಕೆಳಗೆ ಜನ ಒದ್ದೆಯಾದ ಹಾಸಿಗೆ ಹಿಂಡುತ್ತಿದ್ದಾರೆ ಎಂಬುದು ಆ ಸುಖದಲ್ಲಿ ಅರ್ಧ ಮರೆತೇ ಹೋಗುತ್ತಿತ್ತು.

ಬೇಸಗೆಯಲ್ಲಿ ರಿಪೇರಿಗೆ ಆರ್ಡರಾಯಿತು. ಗುತ್ತಿಗೆದಾರನ ಆಳುಗಳು ಬಂದು ಮಾಳಿಗೆ ಗುಡಿಸಿ, ಬಿರುಕಿದ್ದಲ್ಲಿ ತೆಳ್ಳಗೆ ಸಿಮೆಂಟು ಸವರಿ, ಮೇಲೆ ಡಾಂಬರು ಬಳಿದು ನಾಲ್ಕೇ ದಿನದಲ್ಲಿ ಇಳಿದರು. ನಿಯಮದ ಪ್ರಕಾರ ಆಮೇಲೆ ಮಾಳಿಗೆಯ ಮೇಲೆ ನೀರು ಕಟ್ಟಬೇಕು. ಅಂದರೆ ಸುತ್ತಲೂ ಮಣ್ಣಿನ ಸಣ್ಣ ಬದು ಹಾಕಿ, ಮೂರು ಬೆರಳು ಆಳಕ್ಕೆ ನೀರು ತುಂಬಿ, ಎರಡು ದಿನ ನಿಲ್ಲಿಸಿ, ಕೆಳಗೆ ಪಸೆ ಬರುತ್ತದೋ ಇಲ್ಲವೋ ನೋಡಬೇಕು. ನೋಡಿ, ಓವರ್‌ಸಿಯರ್ ಸಹಿ ಹಾಕಬೇಕು. ಒಂದು ಖೋಲಿಯ, ಅಂದರೆ ಕೋಣೆಯ, ಮಾಳಿಗೆಗೆ ಸುಮಾರು ನಲವತ್ತು ಕೊಡ ನೀರು ಬೇಕು.

ಸಿಂದಗಿಯ ಮೇ ತಿಂಗಳು ಹೇಗಿರುತ್ತಿತ್ತು ಎಂದು ಕಂಡವರಿಗೆ ಇದರ ತಮಾಷೆ ತಿಳಿಯುತ್ತದೆ. ಕಾಲೋನಿಯ ಬಾವಿ ಮಾರ್ಚಿಗೇ ತಳ ಕಾಣುತ್ತಿತ್ತು. ಅರ್ಧ ಮೈಲು ದೂರದ ಹೊಲದಲ್ಲಿ ಒಂದು ಸಿಹಿನೀರಿನ ಬಾವಿ. ಅಲ್ಲಿ ಹೆಂಗಸರು ನಸುಕಿನಿಂದ ಪಾಳಿ ಹಚ್ಚಿ ನಿಲ್ಲುತ್ತಿದ್ದರು. ಅಂಥ ನೀರನ್ನು ಮಾಳಿಗೆಯ ಮೇಲೆ ಸುರಿಯಿರಿ ಎಂದು ಯಾವ ಬಾಯಿಂದ ಹೇಳುವುದು? ನಮ್ಮ ಉಪವಿಭಾಗದ ಸಾಹೇಬರು ಮೈಸೂರು ಕಡೆಯವರು, ಮೃದು ಮಾತಿನವರು, ಯಾರ ಮನಸ್ಸನ್ನೂ ನೋಯಿಸದವರು. ಅವರು ಬೇವಿನ ನೆರಳಿನಲ್ಲಿ ಜೀಪು ನಿಲ್ಲಿಸಿ ನಕ್ಕರು.

"ಕುಡಿಯೋಕೇ ನೀರಿಲ್ಲದ ಊರಲ್ಲಿ ಮಾಳಿಗೆಗೆ ನೀರು ಯಾರು ಕಟ್ತಾರ್ರೀ? ಬರೆದುಬಿಡಿ. ನಮ್ಮಲ್ಲಿ ಎಲ್ರೂ ಹಾಗೇ ಬರೆಯೋದು."

ನಾನು ಅದೇ ನೆರಳಿನಲ್ಲಿ ಕುಳಿತು ರಿಪೇರಿಯ ಪಟ್ಟಿಯಲ್ಲಿ ಹದಿನಾರು ಮನೆ ನಂಬರುಗಳ ಮುಂದೆ "ನೀರು ಕಟ್ಟಿ ಪರೀಕ್ಷಿಸಲಾಗಿದೆ, ಸರಿಯಾಗಿದೆ" ಎಂದು ಹದಿನಾರು ಸಲ ಬರೆದು ಹದಿನಾರು ಸಹಿ ಹಾಕಿದೆ. ತಣ್ಣಗೆ ಗಾಳಿ ಬೀಸುತ್ತಿತ್ತು. ಮನಸ್ಸಿಗೆ ಒಂದಿಷ್ಟೂ ಚುಚ್ಚಲಿಲ್ಲ. ಎಲ್ಲರೂ ಹಾಗೇ ಬರೆಯುವುದು ನಿಜವೇ ಆಗಿತ್ತು.

ಆ ಮಳೆಗಾಲದಲ್ಲಿ ಹದಿನಾರೂ ಮನೆ ಮತ್ತೆ ಸೋರಿದವು. ಏಳನೆಯ ನಂಬರಿನ ಮನೆಯಲ್ಲಿ ಗಂಗಾಬಾಯಿ ಎಂಬ ಸಾಲಿಯ ಬಾಯಿಯವರು ಇದ್ದರು. ಎರಡನೆಯ ಇಯತ್ತೆಗೆ ಕಲಿಸುತ್ತಿದ್ದರು. ಎಲ್ಲರಿಗೂ ಅವರು ಅಕ್ಕೋರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಸಾವಿತ್ರಿಯನ್ನು ಹಿಂದಿನ ವರ್ಷ ಚಡಚಣದ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದರು. ನಾಗರಪಂಚಮಿಗೆ ಮಗಳನ್ನು ಕರೆತಂದು ಬಿಡಲು ಬೀಗತಿ ತಾವೇ ಬಂದಿದ್ದರು. ಅವರು ಊಟಕ್ಕೆ ಕೂತಾಗ ಮಳೆ ಹಿಡಿಯಿತು, ಛಾವಣಿಯಿಂದ ಒಂದು ಹನಿ ಅವರ ತಾಟಿನೊಳಗಿನ ಉಂಡಿಯ ಮೇಲೆ ಬಿತ್ತು. ಅವರು ತಾಟು ಸರಿಸಿಕೊಂಡು ಉಣ್ಣತೊಡಗಿದರು. ಎರಡನೆಯ ಹನಿ ಅಲ್ಲಿಗೂ ಬಂತು. ಆಗ ಕೈ ತೊಳೆದುಕೊಂಡು, ನನ್ನ ಸೊಸೆ ಈ ಮನೆಯೊಳಗೆ ಬಾಣಂತಿಯಾಗಿ ಮಲಗುವುದಿಲ್ಲ, ಈಗಲೇ ಹೇಳಿರುತ್ತೇನೆ ಎಂದರಂತೆ. ಆಗ ಸಾವಿತ್ರಿಗೆ ಇನ್ನೂ ಬಸಿರು ನಿಂತಿರಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಆಕೆಗೆ ಐದು ತಿಂಗಳು ನಡೆದಿತ್ತು.

ಯುಗಾದಿಯ ಮರುದಿನ ಅಕ್ಕೋರು ನನ್ನ ಕಚೇರಿಗೆ ಬಂದರು. ಕೈಯಲ್ಲಿ ದೂರಿನ ಪುಸ್ತಕ. ನನ್ನ ಸಹಿಗಳಿದ್ದ ಪಟ್ಟಿಯ ಪ್ರತಿಯನ್ನು ಕಚೇರಿಯವರು ಅದರಲ್ಲೇ ಅಂಟಿಸಿದ್ದರು. ಮಕ್ಕಳಿಗೆ ಪಾಠ ಓದಿಸುವಂತೆ ಸಾಲಿನ ಕೆಳಗೆ ಬೆರಳಿಟ್ಟು, ತಮ್ಮ ಮನೆ ನಂಬರಿನ ಮುಂದೆ ನಾನು ಬರೆದದ್ದನ್ನು ಪೂರ್ತಿ ಓದಿದರು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು.

"ಯಾವತ್ತ ನೀರ ಕಟ್ಟಿದ್ರಿ, ಸಾಹೇಬ್ರ? ಸಾಲಿ ಸೂಟಿ ಇತ್ತು. ನಾ ದಿನಾ ಮನ್ಯಾಗ ಇದ್ನಲ್ಲ."

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಬರೆಯಲು ಮಾತ್ರ ಬರುತ್ತಿತ್ತು. ಕಟ್ಟಿಲ್ಲ ಎಂದೆ. ಅವರು ಪುಸ್ತಕ ಮುಚ್ಚಿದರು. ಈ ವರ್ಷ ಕಟ್ಟಿರಿ ಎಂದರು. ಸಾವಿತ್ರಿಯ ಪತ್ರ ಬಂದಿತ್ತು, ಮೊದಲನೆಯದು ನಿನ್ನ ಹತ್ತಿರವೇ ಆಗಲಿ ಅವ್ವಾ ಎಂದು ಬರೆದಿದ್ದಳು. ಕಾರಹುಣ್ಣಿಮೆಯ ಹೊತ್ತಿಗೆ ಸೀಮಂತದ ಕುಬಸ ಮಾಡಿ ಮಗಳನ್ನು ಕರೆತರಬೇಕು. ಅಷ್ಟರೊಳಗೆ ಬೀಗತಿಗೆ ಒಣಗಿದ ಒಂದು ಖೋಲಿ ತೋರಿಸದಿದ್ದರೆ ಅವರು ಕಳಿಸುವುದಿಲ್ಲ. "ಇಡೀ ಮನಿ ಬ್ಯಾಡ್ರಿ. ಒಂದ ಖೋಲಿ," ಎಂದು ಒಂದು ಬೆರಳು ತೋರಿಸಿದರು. ಅವರು ಹೋದ ಮೇಲೆ ನಾನು ಸಂಜೆಯವರೆಗೆ ಏನೂ ಕೆಲಸ ಮಾಡಲಿಲ್ಲ.

ಆ ಬೇಸಗೆಯಲ್ಲಿಯೂ ಅದೇ ಗುತ್ತಿಗೆದಾರ, ಅದೇ ಡಾಂಬರು. ಬೇರೆ ಕೆಲಸ ಎಸ್ಟಿಮೇಟಿನಲ್ಲಿಯೇ ಇರಲಿಲ್ಲ. ಆಳುಗಳು ಇಳಿದು ಹೋದ ಮೇಲೆ ನಾನು ಬೇವಿನ ಮರದ ಕೆಳಗೆ ಕಾಲೋನಿಯವರನ್ನು ಕರೆದು, ಅಕ್ಕೋರ ಖೋಲಿಯ ಮೇಲೆ ನೀರು ಕಟ್ಟಬೇಕಾಗಿದೆ ಎಂದು ಹೇಳಿದೆ. ಹೋದ ವರ್ಷ ಕಟ್ಟದೇ ಸಹಿ ಹಾಕಿದ್ದನ್ನೂ ಹೇಳಿದೆ. ಅಕ್ಕೋರ ಪಕ್ಕದ ಮನೆಯ ಶಂಕ್ರವ್ವ, ತಾಲೂಕು ಕಚೇರಿಯ ಜವಾನನ ಹೆಂಡತಿ, ಮೊದಲು ಬಾಯಿ ಬಿಟ್ಟಳು: ಒಂದೊಂದು ಮನೆಯಿಂದ ಮೂರು ಮೂರು ಕೊಡ ಕೊಟ್ಟರೆ ಸಾಕಲ್ಲ, ಎರಡು ದಿನ ಜಳಕ ಬಿಟ್ಟರೆ ಯಾರೂ ಸಾಯುವುದಿಲ್ಲ. ಹತ್ತಿರದಲ್ಲಿ ಸವುಳು ನೀರಿನ ಬಾವಿ ಇತ್ತು, ಅದನ್ನೇ ಹಾಕಬಾರದೇ ಎಂದು ಯಾರೋ ಕೇಳಿದರು. ಉಪ್ಪು ನೀರು ಸ್ಲ್ಯಾಬಿನೊಳಗಿನ ಕಬ್ಬಿಣವನ್ನು ತಿನ್ನುತ್ತದೆ ಎಂದೆ. ಹಾಗಾದರೆ ಸಿಹಿನೀರೇ ಎಂದು ತೀರ್ಮಾನವಾಯಿತು.

ಆ ಮುಂಜಾನೆಯನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ಎರೆಮಣ್ಣು ಕಲಸಿ, ಅಂಚಿನ ಗಿಡ್ಡ ಗೋಡೆ ಇಲ್ಲದ ಕಡೆ ಖೋಲಿಯ ಅಳತೆಗೆ ಬದು ಹಾಕಿದ್ದೆವು. ಹಿತ್ತಾಳೆ ಕೊಡ, ತಾಮ್ರದ ಕೊಡ, ಮಣ್ಣಿನ ಕೊಡ ಏಣಿ ಹತ್ತಿ ಬರುತ್ತಿದ್ದವು. ಕೆಳಗೆ ಒಬ್ಬರು ಎತ್ತಿ ಕೊಡುವುದು, ನಡುವೆ ಒಬ್ಬರು, ಮೇಲೆ ನಾನು. ನೀರು ಸುರಿಯುವಾಗ ಪ್ರತಿಯೊಬ್ಬರೂ ಕೊಡವನ್ನು ಕೊನೆಯ ಹನಿಯವರೆಗೆ ಬಗ್ಗಿಸಿ ಹಿಡಿಯುತ್ತಿದ್ದರು, ಮನೆಯ ಹಂಡೆಗೆ ಸುರಿದಂತೆಯೇ. ಕರಿಯ ಡಾಂಬರಿನ ಮೇಲೆ ನೀರು ಹರಡಿ ನಿಂತಿತು. ಅದರೊಳಗೆ ಆಕಾಶ ಇಳಿಯಿತು. ಅಷ್ಟು ಎತ್ತರದಲ್ಲಿ, ಅಷ್ಟು ಬಿಸಿಲಿನ ಊರಿನಲ್ಲಿ, ಒಂದು ಖೋಲಿಯಷ್ಟು ಕೆರೆ. ಗುಬ್ಬಿಗಳು ಎಲ್ಲಿಂದಲೋ ಬಂದು ಅಂಚಿನಲ್ಲಿ ಕೂತು ಕುಡಿದವು, ಯಾರೂ ಓಡಿಸಲಿಲ್ಲ. ಶಂಕ್ರವ್ವ ನಾಲ್ಕನೆಯ ಕೊಡ ತಂದಿದ್ದಳು. ಮೂರೇ ಅಲ್ಲವೇ ಎಂದರೆ, ಗುಬ್ಬಿಗಳದ್ದು ಎಂದಳು.

ಮುಂದೆ ಮುದ್ದೇಬಿಹಾಳದಲ್ಲಿ, ಬಾಗೇವಾಡಿಯಲ್ಲಿ ನಾನು ಎಷ್ಟೋ ಮಾಳಿಗೆಗಳ ಮೇಲೆ ನೀರು ಕಟ್ಟಿಸಿದೆ. ಜನ ನೀರಿನ ಹುಚ್ಚ ಎಂದರು, ಗುತ್ತಿಗೆದಾರರು ಬೇರೆ ಹೆಸರು ಇಟ್ಟರು. ಆ ಕೆರೆಗಳ ಪಕ್ಕದಲ್ಲಿ ಒಬ್ಬನೇ ಕೂತು ಮಧ್ಯಾಹ್ನ ಕಳೆಯುವುದು ನನಗೆ ರೂಢಿಯಾಯಿತು. ಹೊಸಬರಿಗೆ ಹೇಳುವ ಉಪಾಯ ಒಂದಿದೆ: ಬದುವಿನ ಪಕ್ಕದಲ್ಲಿ ಒಂದು ಪರಾತದಲ್ಲಿ, ಅಗಲವಾದ ದೊಡ್ಡ ತಟ್ಟೆಯಲ್ಲಿ, ಅಷ್ಟೇ ಆಳಕ್ಕೆ ನೀರು ತುಂಬಿಡಿ. ಬಿಸಿಲಿಗೆ ಎರಡೂ ಇಳಿಯುತ್ತವೆ. ಪರಾತಕ್ಕಿಂತ ಮಾಳಿಗೆಯ ನೀರು ಹೆಚ್ಚು ಇಳಿದರೆ ಅದು ಸೂರ್ಯನ ಕೆಲಸವಲ್ಲ, ನಿಮ್ಮ ಕೆಲಸ. ಇನ್ನೊಂದು, ತಪಾಸಣೆಗೆ ಮಾರ್ಚಿನಲ್ಲಿ ಹೋಗಬೇಡಿ. ಮಳೆ ಬರುವಾಗ ಹೋಗಿ ಅವರ ಮನೆಯೊಳಗೆ ಕೂತುಕೊಳ್ಳಿ.

ಸಿಂದಗಿಯಲ್ಲಿ ಮೊದಲ ಸಲ ನೀರು ಕಟ್ಟಿದ ಆ ದಿನ ಮಧ್ಯಾಹ್ನದ ಬಸ್ಸಿಗೆ ಚಡಚಣದ ಬೀಗತಿ ಬಂದರು, ಇಂಡಿಯಲ್ಲಿ ಬಸ್ಸು ಬದಲಿಸಿ. ಎತ್ತರದ ಹೆಂಗಸು, ದೊಡ್ಡ ಕುಂಕುಮ, ಮಾತಿನಲ್ಲಿ ಅರ್ಧ ಮರಾಠಿ. ಅಕ್ಕೋರು ಕಾಗದ ಬರೆದು ಕರೆಸಿಕೊಂಡಿದ್ದರು. ಏಣಿ ಹತ್ತುವುದಿಲ್ಲ, ನನಗೆ ಬೇಕಾದದ್ದು ಕೆಳಗೆ ಎಂದು ಅವರು ನೇರ ಖೋಲಿಗೆ ಹೋಗಿ ಛಾಪೆಯ ಮೇಲೆ ಅಂಗಾತ ಮಲಗಿದರು. ಒಂದು ಕಡೆ ಅಕ್ಕೋರು ಮಲಗಿದರು. ಗೋಡೆಯ ಹತ್ತಿರ ನಾನು. ಬಾಗಿಲಲ್ಲಿ ಶಂಕ್ರವ್ವ, ಕಂಪೌಂಡರ್, ಮತ್ತೂ ನಾಲ್ಕು ಜನ ಮೇಲೆ ನೋಡುತ್ತ ನಿಂತರು. ಹೊರಗೆ ಉರಿಬಿಸಿಲು, ಒಳಗೆ ಮೇಲಿನ ನೀರಿನಿಂದಾಗಿ ತಂಪು. ಆ ಖೋಲಿಯಲ್ಲಿ ಅಷ್ಟು ತಂಪು ಎಂದೂ ಇರಲಿಲ್ಲವಂತೆ. ಬೀಗತಿಯವರಿಗೆ ಜೊಂಪು ಹತ್ತಿತು, ಸಣ್ಣಗೆ ಗೊರಕೆಯೂ ಬಂತು. ಸುಣ್ಣದ ಬಿಳುಪನ್ನು ನೋಡುತ್ತ ನೋಡುತ್ತ ನನಗೂ ಕಣ್ಣು ಎಳೆಯತೊಡಗಿತು. ಅದು ಹಾಗೆಯೇ ಬೆಳ್ಳಗೆ ಉಳಿಯುತ್ತದೆ, ನಾವೆಲ್ಲ ಹೀಗೆಯೇ ಮಲಗಿರುತ್ತೇವೆ, ಮಳೆಗಾಲ ಬಂದು ಹೋಗುತ್ತದೆ ಎಂದೇನೋ ಅನ್ನಿಸುತ್ತಿತ್ತು.

ಕಲೆ ಮೊದಲು ಕಂಡದ್ದು ಅಕ್ಕೋರಿಗೆ. ಅವರು ನನ್ನ ಕಡೆ ನೋಡಿದರು. ನಡುಮಧ್ಯದಲ್ಲಿ ನಾಲ್ಕಾಣೆಯಷ್ಟು ಅಗಲ, ಬೂದು ಬಣ್ಣ. ನಾವು ನೋಡುತ್ತಿದ್ದಂತೆ ಅದು ತಾಟಿನಷ್ಟಾಯಿತು. ಬೀಗತಿಯವರು ಎದ್ದು, ಸೆರಗು ಸರಿಮಾಡಿಕೊಂಡು, ಛಾಪೆಯ ಮೇಲೆ ಕೂತೇ ಅದನ್ನು ನೋಡಿದರು.

"ಅಕ್ಕೋರ, ನಿಮ್ಮ ಮಂದಿ ಛಲೋ ಅದಾರ. ಮಾಳಿಗಿ ಛಲೋ ಇಲ್ಲ," ಎಂದರು. ಚಹಾ ಕುಡಿದು ಸಂಜೆಯ ಬಸ್ಸಿಗೆ ಹೊರಟುಹೋದರು.

ಅಕ್ಕೋರು ಅಳಲಿಲ್ಲ. ಮಾಳಿಗೆಯ ಮೇಲೆ ಉಳಿದ ನೀರನ್ನು ತಂಬಿಗೆಯಿಂದ ತುಂಬಿ ತುಂಬಿ ಕೆಳಗಿಳಿಸಿ, ಹದಿನೈದು ಮನೆಗಳಿಗೂ ಅರಿವೆ ಒಗೆಯಲು ಹಂಚಿದರು. ಡಾಂಬರಿನ ವಾಸನೆಯ ಆ ನೀರನ್ನು ಯಾರೂ ಬೇಡ ಅನ್ನಲಿಲ್ಲ. ನಾನು ಮಾಳಿಗೆಯ ಮೂಲೆಯಲ್ಲಿ ಕೂತಿದ್ದೆ, ಇಳಿಯಲು ಮುಖವಿರಲಿಲ್ಲ.

ಮರುದಿನ ಲಾಡ್ಲೇಸಾಬರನ್ನು ಕರೆತಂದೆ. ಅವರು ಸಿಂದಗಿಯ ಹಳೆಯ ಗೌಂಡಿ, ಸುಣ್ಣದ ಗಚ್ಚಿನ ಕೆಲಸದವರು. ಸಿಮೆಂಟು ಬಂದ ಮೇಲೆ ಅವರನ್ನು ಕೇಳುವವರು ಕಡಿಮೆಯಾಗಿದ್ದರು. ಅವರು ನಾನು ತೋರಿಸಿದ ನಡುಭಾಗವನ್ನು ನೋಡಲೇ ಇಲ್ಲ. ಅಂಚಿನ ಗಿಡ್ಡ ಗೋಡೆಯ ಬುಡಕ್ಕೆ ಹೋಗಿ, ಕರಣೆಯಿಂದ ಡಾಂಬರು ಕೆರೆದು, ಸ್ಲ್ಯಾಬು ಮತ್ತು ಗೋಡೆ ಕೂಡುವ ಸಂದಿಗೆ ಉಗುರು ತೂರಿಸಿದರು. ಉಗುರು ಪೂರ್ತಿ ಒಳಗೆ ಹೋಯಿತು.

"ಕಾಕಾ, ಕಲಿ ನಡುವ ಬಂದೈತಲ್ಲ," ಎಂದೆ.

"ನೀರ ಇಲ್ಲಿ ಹೊಕ್ಕೈತ್ರಿ. ಒಳಗ ಅಡ್ಡಾಡಿ ಅಲ್ಲಿ ಇಳದೈತಿ. ನೀವು ಇಷ್ಟ ವರ್ಷ ಅದು ಹೊಂಟ ಜಾಗಾಕ್ಕ ಔಷಧ ಹಚ್ಚೀರಿ," ಎಂದರು ಲಾಡ್ಲೇಸಾಬರು.

ಹದಿನಾರು ಮನೆಗಳ ಎಲ್ಲ ಗೋಡೆಗಳ ಬುಡದಲ್ಲಿಯೂ ಅದೇ ಸಂದಿ ಇತ್ತು. ನಾನು ಸಾಹೇಬರ ಹತ್ತಿರ ಹೋಗಿ, ಎಲ್ಲ ಮನೆಗೂ ಗಚ್ಚು ಹಾಕಿಸೋಣ ಎಂದೆ. ಅವರು ಬೇಸರವಾಗದಂತೆ ನನಗೆ ತಿಳಿಸಿ ಹೇಳಿದರು: ಗಚ್ಚು ಈಗ ನಮ್ಮ ಪಟ್ಟಿಯಲ್ಲೇ ಇಲ್ಲ, ಹೋದ ವರ್ಷ ಸರಿಯಾಗಿದೆ ಎಂದು ನೀವೇ ಸಹಿ ಹಾಕಿದ ಮನೆಗಳಿಗೆ ಈಗ ಹೇಗೆ ಕೇಳುವುದು, ಒಂದು ಮನೆಗೆ ಬೇಕಾದರೆ ಮಾಡಿಕೊಳ್ಳಿ, ನನ್ನ ಕಿವಿಗೆ ಹಾಕಬೇಡಿ. ನನ್ನ ಸಹಿಯೇ ನನ್ನ ಬಾಯಿ ಮುಚ್ಚಿತು.

ಲಾಡ್ಲೇಸಾಬರು ಸುಣ್ಣ ನೆನೆಹಾಕಿದರು, ಬೆಲ್ಲದ ನೀರು, ಅಳಲೆಕಾಯಿಯ ರಸ ಕೂಡಿಸಿದರು. ಸಂದಿಯನ್ನು ಅಗಲ ಮಾಡಿ, ಗಚ್ಚು ತುಂಬಿ, ಮರದ ಕೊಡತಿಯಿಂದ ಎಂಟು ದಿನ ಬಡಿದರು. ಬಿಸಿಲಿನಲ್ಲಿ ಆ ಸಪ್ಪಳ ಕಾಲೋನಿಯ ತುಂಬ ಕೇಳುತ್ತಿತ್ತು, ಅವಸರವಿಲ್ಲದ ಒಂದೇ ಲಯ. ಅದನ್ನು ಕೇಳುತ್ತ ಕೂಸುಗಳು ಮಲಗುತ್ತಿದ್ದವು. ಕೆಲಸ ಎಂದರೆ ಇಷ್ಟು ನಿಧಾನದ್ದು ಎಂದು ನನಗೆ ಮೊದಲ ಸಲ ಗೊತ್ತಾಯಿತು.

ಮತ್ತೆ ನೀರು ಕಟ್ಟಬೇಕಿತ್ತು. ಅಷ್ಟರಲ್ಲಿ ಸಿಹಿನೀರಿನ ಬಾವಿಯೂ ಸೋತಿತ್ತು. ಮನೆಯ ಬಳಕೆಗೆ ಸಾಲುವಷ್ಟು ಸಿಕ್ಕರೆ ಪುಣ್ಯ. ಇನ್ನೊಮ್ಮೆ ಕೇಳಲು ನನಗೆ ಬಾಯಿ ಬರಲಿಲ್ಲ. ನಸುಕಿನಲ್ಲಿ ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ಬಾವಿಗೆ ಹೋಗಿ ಹೆಂಗಸರ ಪಾಳಿಯಲ್ಲಿ ನಿಂತೆ. ಅವರಿಗೆ ಒಳ್ಳೆಯ ಚೇಷ್ಟೆ ಸಿಕ್ಕಿತು. ಸಾಹೇಬ್ರ ಮನೆಯವರು ತವರಿಗೆ ಹೋಗಿದ್ದಾರೇನು, ಕೊಡ ಸೊಂಟದ ಮೇಲೆ ಇಟ್ಟುಕೊಂಡರೆ ನೀರು ಚೆಲ್ಲುವುದಿಲ್ಲ ಎಂದೆಲ್ಲ ಅಂದರು. ಒಂದು ಸಲಕ್ಕೆ ಎರಡು ಕೊಡ. ಪಾಳಿ ಮುಗಿದರೆ ಮತ್ತೆ ಕೊನೆಗೆ ಹೋಗಿ ನಿಲ್ಲಬೇಕು. ಎರಡನೆಯ ಸುತ್ತಿಗೆ ಅಕ್ಕೋರು ಬಂದು ಹಗ್ಗ ಹಿಡಿದರು. ಮೂರು ಮುಂಜಾನೆ ಅವರು ಸೇದಿದರು, ನಾನು ಸಾಗಿಸಿದೆ. ಅರ್ಧ ಮೈಲಿನಲ್ಲಿ ಎಷ್ಟು ಚೆಲ್ಲಿದೆನೋ, ಮಾಳಿಗೆಗೆ ಮಾತ್ರ ನಲವತ್ತು ಕೊಡ ಮುಟ್ಟಿತು.

ಎರಡು ದಿನ ನೀರು ನಿಂತಿತು. ಪಕ್ಕದಲ್ಲಿಟ್ಟ ಪರಾತದಲ್ಲಿ ಇಳಿದಷ್ಟೇ ಇಳಿಯಿತು. ಕೆಳಗೆ ಸುಣ್ಣ ಬೆಳ್ಳಗೆ ಇತ್ತು. ಮೂರನೆಯ ದಿನ ಅಕ್ಕೋರು ಬೀಗತಿಗೆ ಕಾಗದ ಬರೆದರು. ನೀರು ಕಟ್ಟಿ ಪರೀಕ್ಷಿಸಲಾಗಿದೆ, ಸರಿಯಾಗಿದೆ ಎಂದು ದುಂಡನೆಯ ಅಕ್ಷರದಲ್ಲಿ ಬರೆದು ನನಗೆ ಓದಲು ಕೊಟ್ಟರು. ನಾನು ಪೆನ್ನು ತೆಗೆದೆ.

"ನಿಮ್ಮ ಸಹಿ ಬ್ಯಾಡ್ರಿ," ಎಂದರು ಅಕ್ಕೋರು. "ನಾನ ಮಾಡ್ತೇನಿ."

ನೋಯಿಸಬೇಕೆಂದು ಅಂದ ಮಾತಲ್ಲ ಅದು. ಅದಕ್ಕೇ ಹೆಚ್ಚು ನೋವಾಯಿತು. ಕಾರಹುಣ್ಣಿಮೆಯ ಮುಂದಿನ ವಾರ ಸಾವಿತ್ರಿ ಬಂದಳು, ಬೀಗತಿಯವರೇ ಕರೆತಂದು ಬಿಟ್ಟು ಹೋದರು.

ಶ್ರಾವಣದ ಒಂದು ಮುಂಜಾನೆ ಸಿಂದಗಿಗೆ ಅಪರೂಪದ ಮಳೆ ಹಿಡಿಯಿತು. ಸಣ್ಣ ಮಳೆಯಲ್ಲ, ಹೊಲ ಆಕಾಶ ಒಂದಾಗುವಂಥದು. ನಾನು ಕಚೇರಿಯ ದಾರಿ ಬಿಟ್ಟು ಕಾಲೋನಿಗೆ ಓಡಿದೆ. ಅಕ್ಕೋರ ಮನೆಯ ಬಾಗಿಲು ಮುಚ್ಚಿತ್ತು, ಒಳಗೆ ಸೂಲಗಿತ್ತಿ ಬಂದಿದ್ದಾಳೆ ಎಂದು ಹೊರಗೆ ಜಗಲಿಯ ಮೇಲೆ ಕೂತ ಹೆಂಗಸರು ಹೇಳಿದರು. ಒಳಗೆ ಹೋಗುವಂತಿಲ್ಲ. ಬೇವಿನ ಕಟ್ಟೆಯ ಮೇಲೆ ನೆನೆಯುತ್ತ ನಿಂತೆ. ಒಳಗೆ ಆ ಹುಡುಗಿ ನರಳುತ್ತಿದ್ದಾಳೆ, ನಾನು ಮನಸ್ಸಿನಲ್ಲಿ ಆ ಮಾಳಿಗೆಯ ಗೋಡೆಯ ಬುಡದ ಸುತ್ತ ಒಂದೊಂದು ಅಂಗುಲವೂ ನಡೆಯುತ್ತಿದ್ದೇನೆ. ಎಷ್ಟು ಹೊತ್ತಾಯಿತೋ ತಿಳಿಯದು. ಮಳೆಯ ಸಪ್ಪಳದ ನಡುವೆ ಒಂದು ಸಣ್ಣ ದನಿ ಎದ್ದಿತು. ಆಮೇಲೆ ಬಾಗಿಲು ತೆರೆದು ಅಕ್ಕೋರು ಹೊರಗೆ ಬಂದರು.

"ಒಂದ ಹನಿ ಬಿದ್ದಿಲ್ರಿ, ಸಾಹೇಬ್ರ."

"ಕೂಸು?"

"ಹೆಣ್ಣು. ಇಬ್ರೂ ಅರಾಮ ಅದಾರ."

ನನಗೆ ಅಳು ಬಂತು. ಮಳೆಯಲ್ಲಿ ನಿಂತದ್ದರಿಂದ ಯಾರಿಗೂ ಕಾಣಲಿಲ್ಲ. ಅಷ್ಟು ಸಂತೋಷ ನೌಕರಿಯಲ್ಲಿ ಮತ್ತೆ ಯಾವತ್ತೂ ಆಗಲಿಲ್ಲ.

ಆಗಲೇ ನನಗೆ ಉಳಿದ ಸಪ್ಪಳ ಕೇಳಿದ್ದು. ಪಕ್ಕದ ಮನೆಯಲ್ಲಿ ಪಾತ್ರೆಯೊಳಗೆ ಹನಿ ಬೀಳುತ್ತಿತ್ತು. ಅದರ ಆಚೆಯ ಮನೆಯಲ್ಲಿ ಹಿತ್ತಾಳೆಯದು, ಎದುರಿನ ಸಾಲಿನಲ್ಲಿ ಡಬ್ಬಿಯದು. ಹದಿನೈದು ಮನೆಗಳಲ್ಲಿಯೂ, ಈ ಒಂದು ಖೋಲಿಗಾಗಿ ಮೂರು ಮೂರು ಕೊಡ ಎತ್ತಿ ಕೊಟ್ಟವರು ಹಾಸಿಗೆ ಸುತ್ತಿ ಮೂಲೆಗೆ ಸೇರಿಸಿ ಕೂತಿದ್ದರು. ಶಂಕ್ರವ್ವ ತುಂಬಿದ ಪಾತ್ರೆಯನ್ನು ಅಂಗಳಕ್ಕೆ ಚೆಲ್ಲಲು ಹೊರಗೆ ಬಂದವಳು ನನ್ನನ್ನು ಕಂಡು, ಸೆರಗು ತಲೆಗೆಳೆದುಕೊಂಡು ಮಳೆಯಲ್ಲೇ ಓಡಿ ಬಂದಳು. ಏನು ಕೂಸು ಎಂದು ಕೇಳಿ ಬಾಯ್ತುಂಬ ನಕ್ಕಳು. ಖೋಲಿ ಒಣಗೇ ಇದೆ ಎಂದು ಅಕ್ಕೋರು ಹೇಳಿದ್ದಕ್ಕೂ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಮ್ಮ ಮನಿ ಮ್ಯಾಲ ನೀರ ಯಾವಾಗ ಹಾಕೂದ್ರಿ, ಸಾಹೇಬ್ರ?"

ಆ ದನಿಯಲ್ಲಿ ಚುಚ್ಚು ಇರಲಿಲ್ಲ. ಬಸ್ಸು ಎಷ್ಟಕ್ಕೆ ಎಂದು ಕೇಳಿದಂತೆ ಕೇಳಿದಳು. ಬರುವ ಬೇಸಗೆಯಲ್ಲಿ ಎಂದೆ. ಆತ್ರಿ ಎಂದು, ನಂಬಿ, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ದೀಪಾವಳಿ ಕಳೆದ ವಾರ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಕೆಲಸ ಒಪ್ಪಿಸುವ ದಿನ ದೂರಿನ ಪುಸ್ತಕ ತರಿಸಿ, ಹದಿನೈದು ಸಹಿಗಳ ಮೇಲೆ ಗೀಟು ಎಳೆದು, ಪ್ರತಿಯೊಂದರ ಕೆಳಗೂ "ನೀರು ಕಟ್ಟಿಲ್ಲ" ಎಂದು ಬರೆದೆ. ಸಾಹೇಬರು ಅದನ್ನು ನೋಡಿ, ಇದೆಲ್ಲ ಯಾಕ್ರೀ ಬೇಕಿತ್ತು ಎಂದು ಮೆಲ್ಲಗೆ ಕೇಳಿದರು. ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆ ಕಾಲೋನಿಯ ನಡುವೆ, ಶಂಕ್ರವ್ವನ ಮನೆಯ ಮುಂದಿನಿಂದ ಇತ್ತು. ನಾನು ಟ್ರಂಕು ಹೊತ್ತುಕೊಂಡು ಹೊಲದ ದಾರಿಯಿಂದ ಹೋದೆ.